ಮಸಿಯ ಕೆಳಗಿದ್ದ ಮನೆ

ಬೆಂಕಿ ಆರಿದ ಮೇಲೆ ಮನೆಯೊಳಗೆ ಕೇಳಿಸುತ್ತಿದ್ದದ್ದು ನೀರು ತೊಟ್ಟಿಕ್ಕುವ ಸದ್ದು ಮಾತ್ರ. ಅಟ್ಟದ ಜಂತೆಗಳಿಂದ, ಒಡೆದ ಹೆಂಚಿನ ಸಂದುಗಳಿಂದ ಕಪ್ಪು ನೀರು ಬೀಳುತ್ತಲೇ ಇತ್ತು. ಚಿಕ್ಕಂದಿನಲ್ಲಿ ನಾನೂ ತಮ್ಮನೂ ಮಳೆ ನೀರಿಗೆ ಕಾಗದದ ದೋಣಿ ಬಿಡುತ್ತಿದ್ದ ತೊಟ್ಟಿಯಲ್ಲಿ ಇದ್ದಿಲು, ಬೂದಿ, ಅರ್ಧ ಬೆಂದ ಚಾಪೆ ತೇಲುತ್ತಿದ್ದವು.

ಹೋದ ವರ್ಷ ಶಿವರಾತ್ರಿ ಕಳೆದ ವಾರದ ಮಾತು. ರಾತ್ರಿ ಎರಡೂವರೆಗೆ ತಮ್ಮ ಫೋನ್ ಮಾಡಿ, "ಅಕ್ಕಾ, ಮನೆಗೆ ಬೆಂಕಿ ಬಿದ್ದಿದೆ. ಅಮ್ಮನ್ನ ಆಚೆ ಕರ್ಕೊಂಡ್ ಬಂದಿದೀನಿ, ಏನೂ ಆಗಿಲ್ಲ, ನೀನು ಬಾ" ಎಂದಷ್ಟೇ ಹೇಳಿ ಇಟ್ಟ. ಮೈಸೂರಿನ ನಮ್ಮ ಮನೆಯಿಂದ ಶ್ರೀರಂಗಪಟ್ಟಣಕ್ಕೆ ಇರುವುದು 15 ಕಿಲೋಮೀಟರು. ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ಕಾವೇರಿ ಸೇತುವೆ ದಾಟುವಾಗ ದ್ವೀಪದ ಮೇಲೆ ಎಲ್ಲಾದರೂ ಕೆಂಪು ಕಾಣುತ್ತದೇನೋ ಎಂದು ಕಿಟಕಿಗೆ ಮುಖವೊತ್ತಿ ಕೂತಿದ್ದೆ. ಕತ್ತಲೆ ಬಿಟ್ಟು ಏನೂ ಕಾಣಲಿಲ್ಲ. ಬೀದಿಗೆ ತಿರುಗಿದಾಗ ಅಗ್ನಿಶಾಮಕ ದಳದವರು ಪೈಪು ಸುತ್ತುತ್ತಿದ್ದರು. ಅಮ್ಮ ಎದುರು ಮನೆ ಜಗಲಿಯ ಮೇಲೆ ಯಾರೋ ಹೊದಿಸಿದ ಕಂಬಳಿಯಲ್ಲಿ ಕೂತಿದ್ದಳು. ನನ್ನನ್ನು ನೋಡಿದವಳೇ, "ಪಟ್ಟದ ಗೊಂಬೆ ಅಟ್ಟದ ಮೇಲಿತ್ತು ಕಣೇ" ಎಂದಳು. ನವರಾತ್ರಿಗೆ ಕೂರಿಸುವ ರಾಜ ರಾಣಿಯ ಗೊಂಬೆಗಳು ಅವು. ಅಷ್ಟು ಹೊತ್ತು ತಡೆದುಕೊಂಡಿದ್ದ ನನಗೆ ಅಲ್ಲಿ ಅಳು ಬಂತು.

ನಮ್ಮದು ಕೋಟೆಯೊಳಗಿನ ತೊಟ್ಟಿಮನೆ. ರಂಗನಾಥಸ್ವಾಮಿ ದೇವಸ್ಥಾನದ ಗಂಟೆ ಕೇಳಿಸುವಷ್ಟು ಹತ್ತಿರ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ 12 ಮರದ ಕಂಬ, ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ. ಮಣ್ಣಿನ ದಪ್ಪ ಗೋಡೆಗಳಿಗೆ ಗಾರೆ. ಸೂರಿಗೆ ಮಂಗಳೂರು ಹೆಂಚು. ಅಪ್ಪ ತೀರಿಕೊಂಡ ಮೇಲೆ ಅಮ್ಮ, ತಮ್ಮ, ತಮ್ಮನ ಹೆಂಡತಿ ಮಕ್ಕಳು ಅಲ್ಲಿದ್ದಾರೆ. ಆ ರಾತ್ರಿ ಪುಣ್ಯಕ್ಕೆ ನಾದಿನಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು.

ಬೆಂಕಿ ಹೇಗೆ ಹತ್ತಿತು ಎಂಬುದನ್ನು ಮುಚ್ಚಿಡುವುದಿಲ್ಲ. ತಪ್ಪು ನಮ್ಮದೇ. ಅಟ್ಟದ ಮೇಲೆ ಮರದ ಪಟ್ಟಿಯೊಳಗೆ ಎಳೆದಿದ್ದ ಹಳೇ ಕಾಲದ ವೈರಿಂಗು. ಅದರ ಮೇಲೆ ಫ್ರಿಡ್ಜು, ಗೀಸರ್, ಕೊನೆಗೆ ಎರಡು ವರ್ಷದ ಹಿಂದೆ ಅಮ್ಮನ ಕೋಣೆಗೆ ಏಸಿ. ಫ್ಯೂಸ್ ಪದೇಪದೇ ಹೋಗುತ್ತಿತ್ತೆಂದು ಪಿಂಗಾಣಿ ಫ್ಯೂಸಿಗೆ ಯಾರೋ ದಪ್ಪ ತಂತಿ ಸುತ್ತಿದ್ದರು. ಆಮೇಲೆ ಫ್ಯೂಸ್ ಹೋಗಲಿಲ್ಲ, ನಾವೂ ನೆಮ್ಮದಿಯಾಗಿದ್ದೆವು. ಫ್ಯೂಸ್ ಹೋಗುವುದೇ ಮನೆ ಉಳಿಯಲಿ ಎಂದು. ಅದನ್ನು ಕಟ್ಟಿಹಾಕಿದ್ದರಿಂದ ಬಿಸಿಯೆಲ್ಲ ಅಟ್ಟದ ಮೇಲಿನ ಒಂದು ಸಡಿಲ ಜೋಡಣೆಯಲ್ಲಿ ಸೇರಿತು. ಹಳೇ ಮನೆಗಳಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಇವತ್ತೇ ಎದ್ದು ಹೋಗಿ ನಿಮ್ಮ ಫ್ಯೂಸಿನಲ್ಲಿ ಯಾವ ತಂತಿ ಇದೆ ನೋಡಿ.

ಬೆಳಗಾಗುತ್ತಲೇ ನೆಂಟರು, ಬೀದಿಯವರು ಬಂದರು. ಎಲ್ಲರದೂ ಒಳ್ಳೆಯ ಮನಸ್ಸು, ಎಲ್ಲರ ಕೈಯಲ್ಲೂ ಬಕೆಟ್ಟು. ಚಿಕ್ಕಮ್ಮನ ಮಕ್ಕಳು ಸೋಪಿನ ಪುಡಿ ಕಲಸಿದ ನೀರಲ್ಲಿ ಬಟ್ಟೆ ಅದ್ದಿ ಪಡಸಾಲೆಯ ಗೋಡೆ ಒರೆಸತೊಡಗಿದರು. ಒರೆಸಿದಷ್ಟೂ ಮಸಿ ಎಣ್ಣೆಯಂತೆ ಹರಡಿ ಸುಣ್ಣದೊಳಗೆ ಇಳಿಯಿತು. ಆ ಗೋಡೆ ಮತ್ತೆ ಮೊದಲಿನಂತಾಗಲೇ ಇಲ್ಲ. ಕೊನೆಗೆ ಅಷ್ಟೂ ಗಾರೆ ಕೆತ್ತಿ ತೆಗೆಯಬೇಕಾಯಿತು. ಬೆಂಕಿ ಮುಟ್ಟದೇ ಬಿಟ್ಟಿದ್ದ ಗೋಡೆ ಅದು. ಇನ್ನೊಬ್ಬರು ಸುಟ್ಟ ಸಾಮಾನನ್ನೆಲ್ಲ ಬೀದಿಗೆ ಎಳೆದು ಹಾಕುತ್ತಿದ್ದರು. ನಾವು ತಡೆಯಲಿಲ್ಲ. ತಡೆಯಬೇಕೆಂದು ಗೊತ್ತೂ ಇರಲಿಲ್ಲ. ಸೂತಕದ ಮನೆ ತೊಳೆಯುವಂತೆ ಬೇಗ ತೊಳೆದುಬಿಟ್ಟರೆ ಆದದ್ದು ಹೋಗುತ್ತದೆ ಎಂಬ ಭಾವ ಎಲ್ಲರಿಗೂ. ಆ ಅವಸರವೇ ಬೆಂಕಿಗಿಂತ ಹೆಚ್ಚು ಕೆಡಿಸಿತು ಎಂದು ಈಗ ಖಚಿತವಾಗಿ ಹೇಳಬಲ್ಲೆ.

ಹನ್ನೊಂದು ಗಂಟೆಗೆ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಫೋನಿನಲ್ಲೇ ಹೇಳಿದರು: "ಮೇಡಂ, ಯಾರೂ ಏನೂ ಮುಟ್ಟಬೇಡಿ. ಮೊದಲು ಎಲ್ಲದರ ಫೋಟೋ ತೆಗೆಯಿರಿ. ಒದ್ದೆ ಕಾಗದ ಪತ್ರ ಇದ್ದರೆ ಬಿಸಿಲಿಗೆ ಹಾಕಬೇಡಿ, ಫ್ರೀಜರಿಗೆ ಹಾಕಿ." ಅವರು ಹಳೇ ದಾಖಲೆ ಸಂರಕ್ಷಣೆಯ ತರಬೇತಿ ಪಡೆದವರು. ಆ ಮಾತಿನಿಂದ ಅಪ್ಪನ ಟ್ರಂಕು ಉಳಿಯಿತು. ಟ್ರಂಕು ಸುಟ್ಟಿರಲಿಲ್ಲ, ಆದರೆ ಪೈಪಿನ ನೀರು ತುಂಬಿ ಕ್ರಯಪತ್ರ, ಪಹಣಿ, ಅಪ್ಪನ ಡೈರಿಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿದ್ದವು. ಒದ್ದೆ ಕಾಗದಕ್ಕೆ ಎರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ, ಹೆಪ್ಪುಗಟ್ಟಿಸಿದರೆ ಕಾಲ ನಿಂತಂತೆ. ನಮ್ಮ ಫ್ರಿಡ್ಜು ಕರಗಿಹೋಗಿತ್ತು. ತಮ್ಮ ಬಸ್‌ಸ್ಟ್ಯಾಂಡ್ ಕಡೆ ಜ್ಯೂಸ್ ಅಂಗಡಿ ಇಟ್ಟಿರುವ ತನ್ನ ಸ್ನೇಹಿತನನ್ನು ಕೇಳಿದ. ಆತ ಒಂದು ಮಾತೂ ಆಡದೆ ಐಸ್‌ಕ್ರೀಂ ಪೆಟ್ಟಿಗೆಯ ಅರ್ಧ ಭಾಗ ಖಾಲಿ ಮಾಡಿಕೊಟ್ಟ. ಹಾಲಿನ ಕವರುಗಳಂತೆ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿದ ನಮ್ಮ ಮನೆತನದ ಕಾಗದವೆಲ್ಲ ಮಾವಿನ ಕುಲ್ಫಿಯ ಪಕ್ಕ ಮೂರು ವಾರ ಇತ್ತು. ಬಾಡಿಗೆ ಕೊಡಹೋದರೆ, "ಅಣ್ಣನ ಮನೆ ಪತ್ರಕ್ಕೆ ಬಾಡಿಗೆ ಈಸ್ಕೋತೀನಾ" ಎಂದು ಬೈದು ಕಳಿಸಿದ.

ಮನೆ ಸರಿಪಡಿಸುವ ವೃತ್ತಿಪರ ತಂಡವೊಂದು ಬೆಂಗಳೂರಿನಿಂದ ಬಂದದ್ದು ನಾಲ್ಕನೇ ದಿನ. ಆರು ಜನ. ಮುಖಕ್ಕೆ ಎರಡು ಡಬ್ಬಿಯಂತಹ ಫಿಲ್ಟರ್ ಇರುವ ಮಾಸ್ಕು, ಮೈಗೆ ಬಿಳಿ ಉಡುಪು. ಬಂದವರು ಮೊದಲ ದಿನ ಏನನ್ನೂ ತೊಳೆಯಲಿಲ್ಲ. ತೇವ ಅಳೆಯುವ ಸಣ್ಣ ಯಂತ್ರವನ್ನು ಗೋಡೆಗೆ, ಕಂಬಕ್ಕೆ, ನೆಲಕ್ಕೆ ಒತ್ತುತ್ತಾ ಸೀಮೆಸುಣ್ಣದಲ್ಲಿ ಅಂಕಿ ಬರೆಯುತ್ತಾ ಹೋದರು. ದೊಡ್ಡ ಫ್ಯಾನುಗಳು, ತೇವ ಹೀರುವ ಯಂತ್ರಗಳು ಹಗಲೂ ರಾತ್ರಿ ಓಡಿದವು. ಬೆಂಕಿ ಬಿದ್ದ ಮನೆಗೆ ಮೊದಲ ಚಿಕಿತ್ಸೆ ನೀರಿನಿಂದ ಬಿಡಿಸುವುದು ಎಂಬುದು ನನಗೆ ಹೊಸದು. ಆರಿಸಲು ಸುರಿದ ನೀರು ಮಣ್ಣಿನ ಗೋಡೆಯೊಳಗೆ ಕೂತರೆ ಬುಡ ಉಬ್ಬಿ ಕುಸಿಯುತ್ತದೆ.

ಆಮೇಲೆ ಮಸಿಯ ಸರದಿ. ಅವರ ಮುಖ್ಯಸ್ಥರು ಅಮ್ಮನಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು. ಸೌದೆ ಮಸಿ ಬೇರೆ, ಈ ಮಸಿ ಬೇರೆ. ಮರ ಸುಟ್ಟ ಮಸಿ ಒಣ ಪುಡಿ. ವೈರಿನ ಹೊದಿಕೆ, ಹಾಸಿಗೆಯ ಫೋಮು, ಪ್ಲಾಸ್ಟಿಕ್ ಡಬ್ಬ ಸುಟ್ಟ ಮಸಿ ಜಿಡ್ಡು. ವೈರಿನ ಪಿವಿಸಿ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಹುಟ್ಟುತ್ತದೆ, ಅದು ತೇವದ ಜೊತೆ ಸೇರಿದರೆ ಆಮ್ಲ. ದೇವರ ಮನೆಗೆ ಬೆಂಕಿ ಹೋಗಿರಲಿಲ್ಲ, ಬರೀ ಹೊಗೆ ಹೋಗಿತ್ತು. ಆದರೂ ಅಮ್ಮನ ಹಿತ್ತಾಳೆ ದೀಪಗಳ ಮೇಲೆ ನಾಲ್ಕು ದಿನಕ್ಕೆ ಹಸಿರು ಚುಕ್ಕೆ ಎದ್ದಿದ್ದವು. ಅವುಗಳನ್ನು ಮೊದಲ ದಿನವೇ ಒರೆಸಿ ಒಣಗಿಸಿಟ್ಟಿದ್ದರೆ ಸಾಕಿತ್ತಂತೆ.

ಗೋಡೆಗೆ ಅವರು ಹಿಡಿದದ್ದು ಬೆಣ್ಣೆಯ ಗಟ್ಟಿಯಷ್ಟು ದಪ್ಪದ ರಬ್ಬರ್ ಸ್ಪಂಜು, ನೀರು ಸೋಂಕದ್ದು. ತಂಡದಲ್ಲಿದ್ದ ಒಬ್ಬ ಹುಡುಗಿ ನಡುಮನೆಯ ಗೋಡೆಯ ಮುಂದೆ ಏಣಿ ಹಾಕಿಕೊಂಡು ಮೇಲಿನಿಂದ ಕೆಳಗೆ, ಒಂದೇ ದಿಕ್ಕಿಗೆ ಎಳೆಯುತ್ತಿದ್ದಳು. ಉಜ್ಜುತ್ತಿರಲಿಲ್ಲ, ಎಳೆಯುತ್ತಿದ್ದಳು ಅಷ್ಟೇ. ಒಂದೊಂದು ಎಳೆತಕ್ಕೂ ಒಂದು ಪಟ್ಟಿಯಷ್ಟು ಗೋಡೆ ಬೆಳ್ಳಗಾಗುತ್ತಿತ್ತು. ಸ್ಪಂಜು ಕಪ್ಪಾದಾಗ ಚಾಕುವಿನಿಂದ ಆ ಮುಖವನ್ನು ತೆಳ್ಳಗೆ ಹೋಳು ಹೋಳಾಗಿ ಕತ್ತರಿಸಿ ಎಸೆದು ಹೊಸ ಮುಖದಿಂದ ಮುಂದುವರಿಸುವಳು. ಒಣ ಕೆಲಸ ಪೂರ್ತಿ ಮುಗಿದ ಮೇಲಷ್ಟೇ ನೀರಿನ ಕೆಲಸ. ಅಲ್ಲಿ ದಿಕ್ಕು ತಿರುಗುಮುರುಗು. ಕೆಳಗಿನಿಂದ ಮೇಲಕ್ಕೆ ತೊಳೆಯುತ್ತಾರೆ. ಮೇಲಿನಿಂದ ತೊಳೆದರೆ ಕೊಳೆ ನೀರು ಒಣ ಗೋಡೆಯ ಮೇಲೆ ಗೆರೆ ಎಳೆಯುತ್ತದೆ, ಆ ಗೆರೆ ಹೋಗುವುದಿಲ್ಲ.

ಆ ನಡುಮನೆಯ ಗೋಡೆಯಲ್ಲೇ ಬಿಸಿಗೆ ಡಿಸ್ಟೆಂಪರ್ ಹಪ್ಪಳದಂತೆ ಎದ್ದುಬಿಟ್ಟಿತ್ತು. ಅದು ಉದುರಿದ ಜಾಗದಲ್ಲಿ ಹಳೆಯ ನೀಲಿ ಸುಣ್ಣ, ಅದರ ಮೇಲೆ ಪೆನ್ಸಿಲಿನ ಅಕ್ಷರ. ಹುಡುಗಿ ಸ್ಪಂಜು ಇಳಿಸಿ, "ಆಂಟಿ, ಇಲ್ಲೇನೋ ಬರೆದಿದೆ" ಎಂದು ಕರೆದಳು. ಹೆಂಚಿನ ಲೆಕ್ಕ. ಎಷ್ಟು ಹೆಂಚು ಬಂತು, ಗಾಡಿ ಬಾಡಿಗೆ ಎಷ್ಟು, ಒಡೆದದ್ದು ಎಷ್ಟು. ರೂಪಾಯಿ, ಆಣೆ, ಪೈಗಳಲ್ಲಿ. ದೇಶದಲ್ಲಿ ಆಣೆ ಹೋಗಿ ನಯಾ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಅಂದರೆ ಈ ಲೆಕ್ಕ ಅದಕ್ಕೂ ಹಿಂದಿನದು. ಕೈಬರಹ ತಾತನದೇ ಎಂದು ಅಮ್ಮ ನೋಡಿದೊಡನೆ ಹೇಳಿದಳು. ನಾಡಹೆಂಚು ತೆಗೆಸಿ ಮಂಗಳೂರು ಹೆಂಚು ಹಾಕಿಸಿದ ಕಥೆಯನ್ನು ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಮಾವನ ಬಾಯಲ್ಲೇ ಕೇಳಿದ್ದಳು. ಮೇಲಿನಿಂದ ಇಳಿಸಿದ ಹೆಂಚುಗಳ ಬೆನ್ನು ತಿರುಗಿಸಿ ನೋಡಿದರೆ ಕೆಲವುದರಲ್ಲಿ 1865 ಎಂಬ ಅಚ್ಚು. ತಮ್ಮನ ಮಗ ಅದನ್ನು ಹೆಂಚಿನ ವಯಸ್ಸೆಂದು ಬೀದಿಗೆಲ್ಲ ಹೇಳಿಕೊಂಡು ಬಂದ. ಅದು ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆ ಲೆಕ್ಕವನ್ನು ನಾವು ಮುಚ್ಚಿಸಲಿಲ್ಲ. ಸುತ್ತಲಿನ ಗೋಡೆಗೆ ಸುಣ್ಣ ಹೊಡೆಸಿದೆವು, ಅಷ್ಟು ಜಾಗ ಮಾತ್ರ ನೀಲಿಯಾಗಿಯೇ ಇದೆ.

ಎರಡನೇ ವಾರ ನೆಂಟರೆಲ್ಲ ಸೇರಿ ಕೂತು, "ಕೆಡವಿಬಿಡಿ, ಆರ್‌ಸಿಸಿಯಲ್ಲಿ ಮೂರು ಅಂತಸ್ತು ಕಟ್ಟಿ, ಬಾಡಿಗೆ ಬರುತ್ತೆ" ಎಂದರು. ತಮ್ಮ ತುಂಬಾ ಹೊತ್ತು ಸುಮ್ಮನಿದ್ದು ಒಂದೇ ಮಾತು ಹೇಳಿದ: "ರೈಲ್ವೆ ಜೋಡಿ ಹಳಿಗೆ ಅಡ್ಡ ಬಂತು ಅಂತ ಟಿಪ್ಪು ಶಸ್ತ್ರಾಗಾರಾನ ಬುಡಸಮೇತ ಎತ್ತಿ ನೂರು ಮೀಟ್ರು ಆಚೆ ಇಟ್ರು. ಇದೇ ಊರಲ್ಲಿ, ನಮ್ಮ ಕಣ್ಣೆದುರಿಗೆ. ನಮ್ಮ ಕೈಲಿ ನಾಕು ತೊಲೆ ಉಳಿಸೋಕಾಗಲ್ವಾ?" ಅದು 2017ರಲ್ಲಿ ನಡೆದದ್ದು. ನಾವೆಲ್ಲ ರೈಲ್ವೆ ಸ್ಟೇಷನ್ ಹತ್ತಿರ ಹೋಗಿ ನಿಂತು ನೋಡಿದ್ದೆವು. ಇಡೀ ಕಟ್ಟಡ ಜಾಕುಗಳ ಮೇಲೆ ಕೂತು ಆಮೆಯಂತೆ ಸರಿದಿತ್ತು.

ಮೈಸೂರಿನಲ್ಲಿ ಮೂವತ್ತು ವರ್ಷದಿಂದ ಇರುವ ನನಗೆ ಆಗ ನೆನಪಾದದ್ದು ಅರಮನೆ. ಇವತ್ತು ಜನ ನೋಡುವ ಅರಮನೆಗೆ ಮೊದಲು ಅಲ್ಲಿದ್ದದ್ದು ಮರದ ಅರಮನೆ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಅದು ಸುಟ್ಟುಹೋಯಿತು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯಿಂದ ಹೊಸದನ್ನು ಕಟ್ಟಿಸಿದರು. ಈ ಸಲ ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣದ ಕಂಬ. ಮುಗಿದದ್ದು 1912ಕ್ಕೆ. ನಡುವೆ 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಧಿಕಾರ ವಹಿಸಿಕೊಂಡ ದರ್ಬಾರು ಜಗನ್ಮೋಹನ ಅರಮನೆಯಲ್ಲಿ ನಡೆಯಿತು. ಅರಮನೆಯವರೂ ಬೆಂಕಿ ಬಿದ್ದ ಮೇಲೆ ಹದಿನೈದು ವರ್ಷ ಕಾದರು ಎಂದು ಅಮ್ಮನಿಗೆ ಹೇಳಿದಾಗ ಅವಳಿಗೆ ಎಷ್ಟೋ ಸಮಾಧಾನವಾಯಿತು. "ನಂಗೆ ಅಷ್ಟು ವರ್ಷ ಬೇಡ, ನವರಾತ್ರಿಗೆ ಆದ್ರೆ ಸಾಕು" ಎಂದಳು. ನಮ್ಮ ಕೆಲಸಕ್ಕೆ ಗಡುವು ಬಿದ್ದದ್ದು ಹಾಗೆ.

ಕೆಡವಿ ಕಟ್ಟುತ್ತೇವೆಂದರೂ ನಮ್ಮೂರಲ್ಲಿ ಅದು ಸಲೀಸಲ್ಲ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂಬುದು ಕಾಯ್ದೆ. ಕೋಟೆಯೊಳಗೆ ಸ್ಮಾರಕ ಇಲ್ಲದ ಮೂಲೆಯೇ ಇಲ್ಲ. ದುರಸ್ತಿಗೂ ಅರ್ಜಿ, ನಕ್ಷೆ, ಫೋಟೋ, ನಿರಾಕ್ಷೇಪಣಾ ಪತ್ರ. ಓಡಾಟ ಸಾಕಾಯಿತು. ಆದರೂ ಈ ನಿಯಮದ ಮೇಲೆ ನನಗೆ ಕೋಪವಿಲ್ಲ. ಇದಿಲ್ಲದಿದ್ದರೆ ರಂಗನಾಥನ ಗೋಪುರ ಲಾಡ್ಜುಗಳ ಹಿಂದೆ ಮುಚ್ಚಿಹೋಗುತ್ತಿತ್ತು. ಅನುಮತಿ ಬರುವವರೆಗೆ ಸೂರಿಗೆ ಟಾರ್ಪಾಲು ಕಟ್ಟಿಸಿದೆವು, ಮುಂಗಾರಿನ ಮೊದಲ ಮಳೆ ಅದರ ಮೇಲೇ ಬಿತ್ತು.

ವಿಮೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ತಮ್ಮ ಭಾರತ್ ಗೃಹ ರಕ್ಷಾ ಪಾಲಿಸಿ ಮಾಡಿಸಿದ್ದ. ಇದು 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಒಂದೇ ಷರತ್ತಿನಲ್ಲಿ ಕೊಡುವ ಪಾಲಿಸಿ. ಮನೆಗೆ ಮಾಡಿಸಿದರೆ ಒಳಗಿನ ಸಾಮಾನಿಗೂ ಕಟ್ಟಡದ ಮೊತ್ತದ 20 ಶೇಕಡಾ, ಹೆಚ್ಚೆಂದರೆ 10 ಲಕ್ಷದವರೆಗೆ, ತಾನಾಗಿಯೇ ಸೇರುತ್ತದೆ. ಸರ್ವೆಯರ್ ಬಂದಾಗ ಅಗ್ನಿಶಾಮಕ ದಳದ ವರದಿ, ಪೊಲೀಸ್ ಪಂಚನಾಮೆ, ಫೋಟೋ ಎಲ್ಲ ಇತ್ತು. ಆದರೆ ಮೊದಲ ದಿನ ಬೀದಿಗೆ ಎಸೆದು ಪುರಸಭೆ ಗಾಡಿಗೆ ಹೋದ ಸಾಮಾನಿಗೆ ಸಾಕ್ಷಿ ಇರಲಿಲ್ಲ, ಅದು ಹೋದದ್ದು ಹೋಯಿತು. ಆತ ಸಾಗುವಾನಿ ತೊಲೆಗಳಿಗೆ ಸಾದಾ ಮರದ ಬೆಲೆ ಬರೆದುಕೊಂಡಿದ್ದರು. ಮರಗೆಲಸದ ಆಚಾರ್ರಿಂದ ಅಳತೆ, ದರ ಬರೆಸಿ ಮತ್ತೆ ಕೊಟ್ಟ ಮೇಲೆ ಸರಿಹೋಯಿತು. ಒಟ್ಟು ಖರ್ಚಿನಲ್ಲಿ ಮುಕ್ಕಾಲು ಪಾಲು ಬಂತು.

ಈಗ ಆಚಾರ್ರ ವಿಷಯಕ್ಕೆ ಬರುತ್ತೇನೆ, ಇದನ್ನು ಬರೆಯಲು ಕೂತದ್ದೇ ಅದಕ್ಕಾಗಿ.

ಪಾಂಡವಪುರದ ಕಡೆಯವರು. ಎಪ್ಪತ್ತರ ಹತ್ತಿರದ ವಯಸ್ಸು. ಜೊತೆಗೆ ಇಬ್ಬರು ಹುಡುಗರು. ಪಡಸಾಲೆಯ ದೊಡ್ಡ ತೊಲೆ ಪೂರ್ತಿ ಇದ್ದಿಲಾದಂತೆ ಕಾಣುತ್ತಿತ್ತು, ಮೇಲ್ಮೈ ಮೊಸಳೆಯ ಬೆನ್ನಿನಂತೆ ಚೌಕಚೌಕವಾಗಿ ಬಿರಿದಿತ್ತು. ನಾನು ಅದರ ಆಸೆ ಬಿಟ್ಟಿದ್ದೆ. ಅವರು ಏಣಿ ಹತ್ತಿ ದಬ್ಬಣ ತೆಗೆದು ಒಂದು ಕಡೆಯಿಂದ ಚುಚ್ಚುತ್ತಾ ಹೋದರು. ದಬ್ಬಣ ಇದ್ದಿಲಿನಲ್ಲಿ ಸರಕ್ಕನೆ ಇಳಿದು ಒಂದು ಕಡೆ ನಿಂತುಬಿಡುವುದು. ಹೆಬ್ಬೆರಳಿನ ಉಗುರಿನಿಂದ ಆಳ ಗುರುತು ಮಾಡಿಕೊಳ್ಳುವರು. ಆಮೇಲೆ ಸುತ್ತಿಗೆಯ ಹಿಡಿಯಿಂದ ಬಡಿದು ಕಿವಿ ಕೊಟ್ಟು ಕೇಳುವರು. ಅರ್ಧ ಗಂಟೆಯಾದ ಮೇಲೆ ಇಳಿದು ಬಂದು, "ಅಮ್ಮಾರೇ, ಮ್ಯಾಲಿಂದು ನೋಡಿ ಹೆದ್ರುಕೋಬ್ಯಾಡಿ. ಸಾಗುವಾನಿ ಇದು. ತೊಗಲು ಸುಟ್ಟದೆ, ಮೂಳೆ ಗಟ್ಟಿಯಾಗದೆ" ಎಂದರು.

ಅವರ ಕೈಗೆ ಗೊತ್ತಿದ್ದದ್ದನ್ನು ತಂಡದ ಎಂಜಿನಿಯರ್ ಲೆಕ್ಕದಲ್ಲಿ ಹೇಳಿದರು. ದಪ್ಪ ಮರ ಸುಡುವಾಗ ಹೊರಗಿನ ಇದ್ದಿಲೇ ಒಳಗಿನ ಮರಕ್ಕೆ ಹೊದಿಕೆಯಾಗುತ್ತದೆ. ಗಟ್ಟಿ ಮರವಾದರೆ ಬೆಂಕಿ ನಿಮಿಷಕ್ಕೆ ಸುಮಾರು ಅರ್ಧ ಮಿಲಿಮೀಟರ್ ಒಳಗೆ ಹೋಗುತ್ತದೆ. ಇಪ್ಪತ್ತು ನಿಮಿಷ ಉರಿದರೂ ಒಂದು ಸೆಂಟಿಮೀಟರಿನ ಆಸುಪಾಸು. ಒಂಬತ್ತು ಇಂಚು ದಪ್ಪದ ತೊಲೆಗೆ ಅದು ಗಾಯ, ಸಾವಲ್ಲ. ಅದೇ ಜಾಗದಲ್ಲಿ ಉಕ್ಕಿನ ತೊಲೆ ಇದ್ದಿದ್ದರೆ 550 ಡಿಗ್ರಿಯ ಹೊತ್ತಿಗೆ ತನ್ನ ಬಲದಲ್ಲಿ ಹೆಚ್ಚುಕಡಿಮೆ ಅರ್ಧ ಕಳೆದುಕೊಳ್ಳುತ್ತಿತ್ತಂತೆ. ಮರಕ್ಕಿಂತ ಕಲ್ಲೇ ಸೋತಿತ್ತು ಎಂಬುದು ನನಗೆ ಆಶ್ಚರ್ಯ. ಕಂಬಗಳ ಕೆಳಗಿನ ಪೀಠದ ಕಲ್ಲು ಎರಡು ಕಡೆ ಚಕ್ಕೆಯೆದ್ದು ಬಿರುಕು ಬಿಟ್ಟಿತ್ತು. ನಮ್ಮ ಕಡೆಯ ಕಲ್ಲಿನಲ್ಲಿರುವ ಬೆಣಚು 573 ಡಿಗ್ರಿಯಲ್ಲಿ ಥಟ್ಟನೆ ಹಿಗ್ಗುತ್ತದೆ, ಅದರ ಮೇಲೆ ತಣ್ಣೀರು ಬಿದ್ದರೆ ಕೇಳಬೇಕೇ.

ಆಚಾರ್ರು ಬಾಚಿಯಿಂದ ತೊಲೆಯ ಇದ್ದಿಲು ಹೆರೆಯುತ್ತಾ ಹೋದರು. ಕೆಳಗೆ ಕಪ್ಪು ಹುಡಿಯ ರಾಶಿ, ಮೇಲೆ ಜೇನಿನ ಬಣ್ಣದ ಮರ. ಹೆರೆದಂತೆಲ್ಲ ಸಾಗುವಾನಿಯ ಎಣ್ಣೆಯ ವಾಸನೆ ಹೊಗೆಯ ವಾಸನೆಯನ್ನು ದೂಡಿಕೊಂಡು ಬಂತು. ಆಗ ತೊಲೆಯ ಪಕ್ಕದಲ್ಲಿ ಒಂದರ ಪಕ್ಕ ಒಂದು ಮೂರು ಚೌಕ ತೂತುಗಳು ಕಾಣಿಸಿದವು, ಮರದ ಚಕ್ಕೆ ಬಡಿದು ಮುಚ್ಚಿದ್ದವು. ನಮ್ಮ ಮನೆಯಲ್ಲಿ ಆ ತೂತುಗಳಿಗೆ ಬಂದು ಸೇರುವ ಯಾವ ಮರವೂ ಇಲ್ಲ. "ಈ ತೊಲೆ ನಿಮ್ಮನೇಗೆ ಬರೋಕ್ ಮುಂಚೆ ಇನ್ನೆಲ್ಲೋ ಇತ್ತು ಕಣ್ರಮ್ಮ. ಯಾವ್ದೋ ಮನೆ ಬಿಚ್ಚಿ ತಂದವರೆ" ಎಂದರು ಆಚಾರ್ರು.

ಅಪ್ಪ ಈ ತೊಲೆ ಟಿಪ್ಪುವಿನ ಅರಮನೆಯದೆಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅಷ್ಟು ದೂರ ನಾನು ಹೋಗುವುದಿಲ್ಲ. ಆದರೆ ನಮ್ಮೂರಿನ ಮರ ಹಾಗೆ ಊರೂರು ತಿರುಗಿದ್ದು ನಿಜ. 1610ರಲ್ಲಿ ರಾಜ ಒಡೆಯರು ಪಟ್ಟಣ ಹಿಡಿದು ಇಲ್ಲಿ ದಸರಾ ನಡೆಸಿದಾಗಿನಿಂದ 1799ರ ಮೇ 4ರಂದು ಟಿಪ್ಪು ಬೀಳುವವರೆಗೆ ಇದು ರಾಜಧಾನಿ. ಅದಾದ ಕೂಡಲೇ ರಾಜಧಾನಿ ಮೈಸೂರಿಗೆ ಹೋಯಿತು. ಆಮೇಲೆ ಬ್ರಿಟಿಷ್ ಸೈನ್ಯವೂ ದ್ವೀಪದ ಜ್ವರಕ್ಕೆ ಹೆದರಿ ಬೆಂಗಳೂರಿಗೆ ಹೋಯಿತು. ಅರಮನೆ, ಮನೆಗಳು ಬಿಚ್ಚಿಕೊಂಡವು. ಊಟಿಯಲ್ಲಿ 1830ರ ಸುಮಾರಿಗೆ ಎದ್ದ ಸೇಂಟ್ ಸ್ಟೀಫನ್ಸ್ ಚರ್ಚಿನ ತೊಲೆಗಳು ಇಲ್ಲಿನ ಟಿಪ್ಪುವಿನ ಅರಮನೆಯೊಂದರವು. ಆನೆಗಳು ಎಳೆದು ಘಾಟಿ ಹತ್ತಿಸಿದ ಮರ ಈಗಲೂ ಅಲ್ಲಿ ಸೂರು ಹೊತ್ತಿದೆ. ಕೋಟೆಯೊಳಗೆ ಟಿಪ್ಪು ವಾಸವಿದ್ದ ಲಾಲ್ ಮಹಲ್ ಅರಮನೆಯ ಜಾಗದಲ್ಲಿ ಈಗ ಉಳಿದಿರುವುದು ತಳಪಾಯ, ಹುಲ್ಲು. ನಮ್ಮ ತೊಲೆ ಯಾವ ಮನೆಯದಾಗಿದ್ದರೂ ಆ ಒಡೆದ ಊರಿನ ಮರವೇ. ಅದನ್ನು ಒಮ್ಮೆ ಯಾರೋ ಉಳಿಸಿಕೊಂಡಿದ್ದಾರೆ ಎಂದು ಗೊತ್ತಾದ ಮೇಲೆ ಮತ್ತೆ ಬಿಸಾಡಲು ನಮಗೆ ಹೇಗೆ ಮನಸ್ಸು ಬರುತ್ತದೆ?

ಎರಡು ತೊಲೆ ಮಾತ್ರ ಬದುಕಲಿಲ್ಲ. ಗೋಡೆಯೊಳಗೆ ಕೂತಿದ್ದ ತುದಿ ಮೊದಲೇ ಗೆದ್ದಲು ತಿಂದು, ಈಗ ಬೆಂಕಿಗೆ ಪುಡಿಯಾಗಿತ್ತು. ಅವಕ್ಕೆ ಹೊಸ ಮರ ಹಾಕಿದರೆ ಒಣಗುವಾಗ ತಿರುಚಿಕೊಳ್ಳುತ್ತದೆಂದು ಆಚಾರ್ರು ಒಪ್ಪಲಿಲ್ಲ. ಮೈಸೂರಿನಲ್ಲಿ ಕೆಡವಿದ ಹಳೇ ಮನೆಗಳ ಬಾಗಿಲು, ಕಂಬ ಮಾರುವ ಅಂಗಡಿಯೊಂದರಲ್ಲಿ ಎರಡು ದಿನ ಹುಡುಕಿ ಅಳತೆಗೆ ಸರಿಯಾದ ಎರಡು ಸಾಗುವಾನಿ ತೊಲೆ ಆರಿಸಿದರು. ಯಾವುದೋ ಅಗ್ರಹಾರದ ಮನೆಯವು. ಲಾರಿ ಸೇತುವೆ ದಾಟಿ ಪಟ್ಟಣದೊಳಗೆ ಬಂದಾಗ ನಾನು ಹಿಂದೆ ಕಾರಿನಲ್ಲಿದ್ದೆ. ಇನ್ನೂರು ವರ್ಷ ಇಲ್ಲಿಂದ ಮೈಸೂರಿಗೆ ಸಾಮಾನು ಹೋದದ್ದನ್ನೇ ಓದಿದ್ದ ನನಗೆ, ಮೈಸೂರಿನಿಂದ ಎರಡು ತೊಲೆ ಇತ್ತ ಬರುವುದನ್ನು ನೋಡಿ ಎದೆ ತುಂಬಿ ಬಂತು.

ಗೋಡೆಯ ಕೆಲಸಕ್ಕೆ ಮೇಸ್ತ್ರಿ ಸಿಕ್ಕಿದ್ದೇ ಅದೃಷ್ಟ. ಎಲ್ಲರೂ ಸಿಮೆಂಟ್ ಎನ್ನುತ್ತಿದ್ದರು. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಆಚೆ ಬರಲಾಗದೆ ಗೋಡೆ ಒಳಗೊಳಗೇ ಕರಗುತ್ತದೆ, ಗಾರೆ ಮಾತ್ರ ಅದನ್ನು ಉಸಿರಾಡಲು ಬಿಡುತ್ತದೆ. ದೇವಸ್ಥಾನಗಳ ದುರಸ್ತಿಯಲ್ಲಿ ಪಳಗಿದ ಒಬ್ಬ ಮೇಸ್ತ್ರಿ ಹಿತ್ತಲಲ್ಲಿ ಗುಂಡಿ ತೋಡಿಸಿ ಸುಣ್ಣ ನೆನೆಹಾಕಿದರು. ಬೆಲ್ಲ, ಅಳಲೆಕಾಯಿ ಕೊಳೆಸಿದ ನೀರು ಬೇರೆ ತೊಟ್ಟಿಯಲ್ಲಿ. ಮೂರು ವಾರ ಹಿತ್ತಲೆಲ್ಲ ಹುಳಿ ವಾಸನೆ. ಮರಳು ಸೇರಿಸಿ ಅರೆದ ಗಾರೆಯನ್ನು ಬೆರಳಲ್ಲಿ ತೆಗೆದು ಅಮ್ಮನಿಗೆ ತೋರಿಸಿ, "ಬೆಣ್ಣೆ ಹಂಗೆ ಬರ್ಬೇಕು ತಾಯಿ" ಎನ್ನುತ್ತಿದ್ದರು. ಅವರು ಒಂದು ಪದರ ಬಳಿದು ಕಾಯುವರು, ಇನ್ನೊಂದು ಬಳಿದು ಮತ್ತೆ ಕಾಯುವರು. ನಮ್ಮ ಗಡುವು ಅವರಿಗೆ ಲೆಕ್ಕಕ್ಕಿರಲಿಲ್ಲ, ಮತ್ತು ಅವರು ಮಾಡಿದ್ದು ಸರಿ.

ಕೊನೆಗೆ ಉಳಿದದ್ದು ವಾಸನೆ. ಕಣ್ಣಿಗೆ ಎಲ್ಲ ಸ್ವಚ್ಛ, ಆದರೆ ಮಳೆ ಬಂದ ದಿನ ಮರದೊಳಗಿಂದ ಹೊಗೆ ಎದ್ದಂತೆ ವಾಸನೆ ಬರುವುದು. ಅಮ್ಮ ಅಂಥ ರಾತ್ರಿ ಎದ್ದು ಕೂತು "ನೋಡ್ರೋ, ನೋಡ್ರೋ" ಎಂದು ಎಲ್ಲರನ್ನೂ ಎಬ್ಬಿಸುತ್ತಿದ್ದಳು. ತಂಡದವರು ಮನೆ ಖಾಲಿ ಮಾಡಿಸಿ, ತುಳಸಿ ಗಿಡವನ್ನೂ ಆಚೆ ಇಡಿಸಿ, ಎರಡು ದಿನ ಓಝೋನ್ ಯಂತ್ರ ಓಡಿಸಿದರು. ಆಮೇಲೆ ಜಂತೆಗಳಿಗೆಲ್ಲ ಅರಗಿನ ಲೇಪ. ವಾಸನೆಯನ್ನು ಮರದೊಳಗೇ ಮುಚ್ಚಿ ಹಾಕಲು ಇವತ್ತಿಗೂ ಅರಗೇ ಒಳ್ಳೆಯದಂತೆ. ಅರಗಿಗಾಗಿಯೇ 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಮೈಸೂರಿನಲ್ಲಿ ಕಾರ್ಖಾನೆ ಶುರುವಾಯಿತು. ಈಗ ದೇಶದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಅಲ್ಲಿಂದಲೇ ಹೋಗುತ್ತದೆ. ನಮ್ಮ ಕಡೆಯವರಿಗೆ ಅರಗು ಪರಕೀಯವಲ್ಲ ಎಂದು ನಾನು ಅಮ್ಮನಿಗೆ ಹೇಳಿದೆ. ಎರಡು ಮಳೆ ಕಳೆದ ಮೇಲೆ ಅವಳು ರಾತ್ರಿ ಏಳುವುದನ್ನು ಬಿಟ್ಟಳು.

ಪಟ್ಟದ ಗೊಂಬೆಯ ಪೆಟ್ಟಿಗೆ ಐದನೇ ದಿನವೇ ಸಿಕ್ಕಿತ್ತು, ಅಟ್ಟದ ಕುಸಿದ ಮೂಲೆಯಲ್ಲಿ. ಪೆಟ್ಟಿಗೆಯ ಮುಚ್ಚಳ ಸುಟ್ಟು, ರಾಜನೂ ರಾಣಿಯೂ ಹಳೇ ಸೀರೆಯ ಸುತ್ತಿನೊಳಗೆ ಮಸಿ ಮೆತ್ತಿಕೊಂಡು ಮಲಗಿದ್ದರು. ಅಮ್ಮ ಒದ್ದೆ ಬಟ್ಟೆ ಹಿಡಿದು ಬಂದವಳು, ಪಡಸಾಲೆಯ ಗೋಡೆಯ ಕಡೆ ನೋಡಿ, ಬಟ್ಟೆ ಕೆಳಗಿಟ್ಟಳು. ಸ್ಪಂಜಿನ ಹುಡುಗಿ ಅವಳಿಗೆ ಮೃದುವಾದ ಒಂದು ಕುಂಚ ಕೊಟ್ಟಳು. ಮಧ್ಯಾಹ್ನಗಳಲ್ಲಿ ಎದುರು ಮನೆಯ ಜಗಲಿಯಲ್ಲಿ ಕೂತು ಅಮ್ಮ ಒಂದು ವಾರ ಆ ಎರಡು ಗೊಂಬೆಗಳ ಮಸಿ ಕೊಡವಿದಳು. ರಾಜನ ಪೇಟ, ಕಣ್ಣು, ರಾಣಿಯ ಮೂಗುತಿ ಹೊರಬಂದವು. ರಾಣಿಯ ಎಡಗೈ ಮಾತ್ರ ಮೊಣಕೈವರೆಗೆ ಕರಿದಾಗಿಯೇ ಉಳಿಯಿತು. ಬಣ್ಣ ಹಚ್ಚಿಸೋಣವೆಂದರೆ ಅಮ್ಮ ಬೇಡವೆಂದಳು.

ಪಾಡ್ಯದ ಸಂಜೆ ಪಡಸಾಲೆಯಲ್ಲಿ, ಆ ಮೂರು ತೂತುಗಳ ತೊಲೆಯ ಕೆಳಗೆ ಮೆಟ್ಟಿಲು ಜೋಡಿಸಿದೆವು. ಗಾರೆ ಇನ್ನೂ ಪೂರ್ತಿ ಬೆಳ್ಳಗಾಗಿರಲಿಲ್ಲ. ಹಿಂದಿನ ಕೋಣೆಯ ನೆಲ ಹಾಗೇ ಬಿದ್ದಿತ್ತು, ಅದು ದೀಪಾವಳಿ ಕಳೆದು ಮುಗಿಯಿತು. ಗೊಂಬೆಗೆ ದೀಪದ ಸರ ಹಾಕುವ ಮುಂಚೆ ಅಮ್ಮ, "ತಾಳು, ಅದನ್ನ ಒತ್ತಿ ನೋಡು" ಎಂದಳು. ಹೊಸ ವೈರಿಂಗಿನ ಬೋರ್ಡಿನಲ್ಲಿ ಸೋರಿಕೆಯಾದರೆ ಕರೆಂಟ್ ತಾನಾಗಿ ಕಡಿಯುವ ಸ್ವಿಚ್ಚಿದೆ, ಅದಕ್ಕೊಂದು ಪರೀಕ್ಷೆಯ ಗುಂಡಿ. ತಮ್ಮ ಹೋಗಿ ಒತ್ತಿದ. ಟಪ್ ಎಂದು ಇಡೀ ಮನೆ ಕತ್ತಲಾಯಿತು. ಮಕ್ಕಳು ಕೂಗಿಕೊಂಡವು. ದೇವಸ್ಥಾನದ ಗಂಟೆ ಕೇಳಿಸುತ್ತಿತ್ತು.

"ಬಿತ್ತಮ್ಮಾ" ಎಂದ ತಮ್ಮ.

"ಸರಿ, ಈಗ ಹಾಕು" ಎಂದಳು ಅಮ್ಮ.